ಓದುಗರ ಪ್ರಶ್ನೆ: ಪತ್ತನಾಜೆಗೆ ಮೊದಲು, ಮೊಂತಿ ಹಬ್ಬದ ತನಕ

ಈಸ್ಟರ್ ಕಳೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯ ಸಣ್ಣ ಇಗರ್ಜಿಗಳಿಂದ ಮತ್ತು ಮನೆಯಲ್ಲೇ ಸೇರುವ ಪ್ರಾರ್ಥನಾ ಕೂಟಗಳಿಂದ ಬಂದಿವೆ. ಕೆಲಸಕ್ಕೆ ಜನ ಸಾಲದು, ಆದರೆ ವರ್ಷದ ಕೆಲಸ ದೊಡ್ಡ ಊರಿನಷ್ಟೇ ಇದೆ ಎಂಬುದು ಎಲ್ಲರ ಕಷ್ಟ. ಯಾವುದಕ್ಕೆ ಅವಸರವೋ ಅದನ್ನು ಮೊದಲು ಎತ್ತಿಕೊಂಡಿದ್ದೇವೆ.

ನಮ್ಮ ಇಗರ್ಜಿಯ ಹಂಚಿನ ಮಾಡು ಪ್ರತಿ ಜುಲೈಯಲ್ಲೂ ಸೋರುತ್ತದೆ. ಹಂಚು ಬದಲಾಯಿಸಿದರೂ ಅದೇ ಕಥೆ. ಏನು ಮಾಡಬಹುದು? (ಮಂಜೇಶ್ವರ)

ಹನಿ ಬೀಳುವ ಜಾಗದ ಮೇಲಿನ ಹಂಚನ್ನೇ ಬದಲಾಯಿಸುತ್ತಿದ್ದೀರಿ ಎಂದು ಕಾಣುತ್ತದೆ. ನೀರು ಒಳಗೆ ಬರುವುದು ಒಂದು ಕಡೆ, ಪಕ್ಕಾಸಿನ ಮೇಲೆ ಹರಿದು ಬೀಳುವುದು ಇನ್ನೊಂದು ಕಡೆ. ನಡುಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತು ಮಾಡು ನೋಡಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಉದ್ದ ಕೋಲಿಗೆ ಚಾಕ್ ಕಟ್ಟಿ ರೀಪಿನ ಮೇಲೆ ಗುರುತು ಹಾಕಿ. ಆಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಬುಡದ ಸಾಲಿನಿಂದ ಸುರು ಮಾಡಿ ಒಂದೊಂದು ಪಟ್ಟಿಗೆ ಹತ್ತು ನಿಮಿಷದಂತೆ ಮೇಲಕ್ಕೆ ಹೋಗಬೇಕು. ಮೇಲಿನಿಂದ ಕೆಳಗೆ ಬಿಟ್ಟರೆ ಇಡೀ ಮಾಡು ಒದ್ದೆಯಾಗುತ್ತದೆ, ಯಾವ ಸಾಲು ಸೋರುತ್ತದೆಂದು ಗೊತ್ತಾಗುವುದಿಲ್ಲ.

ಹೆಚ್ಚಾಗಿ ತಪ್ಪು ಸಿಗುವುದು ಮೂರು ಕಡೆ. ಎರಡು ಮಾಡು ಕೂಡುವ ಕಣಿಯಲ್ಲಿ ತರಗೆಲೆ ಕಟ್ಟಿ ನೀರು ಹಿಂದಕ್ಕೆ ಉಕ್ಕುವುದು ಒಂದು. ನೆತ್ತಿಯ ಸಾಲಿನ ಗಾರೆ ಬಿರಿದಿರುವುದು ಇನ್ನೊಂದು. ಬರೀ ಸಿಮೆಂಟಿನ ಗಟ್ಟಿ ಗಾರೆ ಬಿಸಿಲಿಗೆ ಹಿಗ್ಗಿ ಕುಗ್ಗುವ ಹಂಚಿನ ಜೊತೆ ಬಾಳುವುದಿಲ್ಲ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಹೊಯಿಗೆ ಸೇರಿಸಿದ ಗಾರೆ ಒಳ್ಳೆಯದು. ಮೂರನೆಯದು, ನಿಮ್ಮಲ್ಲಿ ಆಗಿರಬಹುದಾದದ್ದು: ಬೇರೆ ಬೇರೆ ಕಾರ್ಖಾನೆಯ ಹಂಚು ಬೆರೆಸುವುದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಸುರು ಮಾಡಿದ ನಮೂನೆಯೇ ಎಲ್ಲ ಕಡೆ ಹರಡಿದ್ದು ನಿಜ, ಆದರೆ ಹಂಚಿನ ತೋಡಿನ ಆಳ ಮತ್ತು ಅಂಚಿನ ಎತ್ತರ ಕಾರ್ಖಾನೆಯಿಂದ ಕಾರ್ಖಾನೆಗೆ ಒಂದಿಷ್ಟು ಬದಲಾಗುತ್ತದೆ. ಒಂದು ನೂಲಿನಷ್ಟು ಸಂದು ಉಳಿದರೂ ಗಾಳಿಮಳೆಗೆ ಸಾಕು. ಹಳೆಯ ಹಂಚಿನ ಅಡಿಭಾಗದ ಮುದ್ರೆ ನೋಡಿ ಅದೇ ಹಂಚನ್ನು ಹುಡುಕಿ. ಕೆಡವಿದ ಮನೆಗಳ ಹಂಚು ಮಾರುವವರಲ್ಲಿ ಸಿಗುತ್ತದೆ. ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ, ಕಣಕಣ ಎನ್ನದೆ ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ.

ಲೆಕ್ಕಕ್ಕೆ: ನೂರು ಚದರಡಿ ಮಾಡಿಗೆ ಸುಮಾರು 150 ಹಂಚು. 30 ಅಡಿ ಅಗಲ, 60 ಅಡಿ ಉದ್ದದ ಕಟ್ಟಡಕ್ಕೆ ಮಾಡಿನ ಓರೆ ಸೇರಿ 2,100 ಚದರಡಿಯಷ್ಟಾಗುತ್ತದೆ, ಅಂದರೆ 3,100ರಿಂದ 3,200 ಹಂಚು. ಅದಲ್ಲದೆ ಎಪ್ಪತ್ತೈದು ಹಂಚು ಸದಾ ಕೂಡಿಟ್ಟಿರಿ. ಮೇಲೆ ಹತ್ತುವವರು ಹಂಚಿನ ನಡುವೆ ಕಾಲಿಡದೆ ಅಡ್ಡ ಹಲಗೆ ಹಾಕಿಕೊಳ್ಳಬೇಕು. ಹೊಸ ಬಿರುಕುಗಳಲ್ಲಿ ಅರ್ಧ ರಿಪೇರಿಯ ದಿನವೇ ಆಗುವಂಥವು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಸಿಡಿಲು ಇರುವುದರಿಂದ ಕೆಲಸ ಬೆಳಗ್ಗೆಯೇ ಆಗಲಿ. ಮೇ ಕೊನೆಯ ಪತ್ತನಾಜೆ, ತುಳುನಾಡಿನ ಮಳೆಗಾಲದ ಹೊಸ್ತಿಲಿನ ದಿನ, ಬರುವ ಹೊತ್ತಿಗೆ ಏಣಿ ಕೆಳಗಿಳಿದಿರಬೇಕು.

ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಜನ್ಮದಿನ, ತೆನೆ ಹಬ್ಬ) ಹೊಸ ತೆನೆ ಸಿಗುತ್ತಿಲ್ಲ. ಗದ್ದೆಗಳೆಲ್ಲ ಅಡಿಕೆ ತೋಟವಾಗಿವೆ. ನಲವತ್ತು ಮನೆಗಳಿಗೆ ಬೇಕಾಗುವಷ್ಟು ನಾವೇ ಬೆಳೆಸಬಹುದೇ? (ಬೇಳ)

ಖಂಡಿತ ಬೆಳೆಸಬಹುದು, ಬೆಳೆಸಲೂ ಬೇಕು. ದೂರದ ಊರಿನಿಂದ ಕಟ್ಟು ತರಿಸಿ ಹಂಚುವುದಕ್ಕಿಂತ ಇಗರ್ಜಿಯ ಅಂಗಳದಲ್ಲಿ ಮಕ್ಕಳು ನೀರು ಹಾಕಿದ ಇಪ್ಪತ್ತು ಬಕೆಟ್ ಪೈರು ಹಬ್ಬಕ್ಕೆ ಹೆಚ್ಚು ಒಪ್ಪುತ್ತದೆ.

ಎಲ್ಲ ನಿಂತಿರುವುದು ದಿನದ ಲೆಕ್ಕದ ಮೇಲೆ. ಹಬ್ಬ ಸೆಪ್ಟೆಂಬರ್ 8ಕ್ಕೆ. ಏಣೆಲು ಬೆಳೆಯಂತೆ ಮಳೆ ಬಂದ ಮೇಲೆ ಬಿತ್ತಿದರೆ ಆ ಹೊತ್ತಿಗೆ ತೆನೆ ಬಲಿತಿರುವುದಿಲ್ಲ. ಪಟ್ಟಾಂಬಿಯ ಜ್ಯೋತಿ ತಳಿ 110ರಿಂದ 125 ದಿನದ್ದು. ಮೇ 5ರಿಂದ 15ರೊಳಗೆ ತಟ್ಟೆಯಲ್ಲಿ ಬಿತ್ತಿ, ಜೂನ್ ಮೊದಲ ವಾರ ನೇಜಿ ನೆಟ್ಟರೆ ಹಬ್ಬದ ಹೊತ್ತಿಗೆ ತೆನೆ ಹಳದಿಗೆ ತಿರುಗಿರುತ್ತದೆ. ಬಿತ್ತಿದ ಮೇಲೆ ಮಳೆ ಹಿಡಿಯುವ ತನಕ ದಿನಕ್ಕೆ ಎರಡು ಸಲ ನೀರು ಹಾಕಲೇಬೇಕು.

ಪೈಂಟಿನ 20 ಲೀಟರ್ ಬಕೆಟ್ ಸಾಕು. ಬುಡದಲ್ಲಿ ತೂತು ಮಾಡಬೇಡಿ, ಭತ್ತಕ್ಕೆ ನಿಂತ ನೀರು ಬೇಕು. ಎರಡು ಪಾಲು ಗದ್ದೆ ಮಣ್ಣು, ಒಂದು ಪಾಲು ಒಣ ಸೆಗಣಿ ಬೆರೆಸಿ, ಬಾಯಿಗೆ ನಾಲ್ಕು ಅಂಗುಲ ಬಿಟ್ಟು ತುಂಬಿಸಿ. ಮಣ್ಣಿನ ಮಟ್ಟದಿಂದ ಎರಡಂಗುಲ ಮೇಲೆ ಒಂದು ತೂತು ಕೊರೆಯಿರಿ. ಇಲ್ಲದಿದ್ದರೆ ಆಟಿಯ (ಜುಲೈ–ಆಗಸ್ಟಿನ) ಮಳೆಗೆ ಬಕೆಟ್ ತುಂಬಿ ಮಣ್ಣೆಲ್ಲ ಹೊರಗೆ ಹೋಗುತ್ತದೆ. ನಮ್ಮ ಮುರಕಲ್ಲಿನ ಗುಡ್ಡೆ ಮಣ್ಣು ಮಾತ್ರ ಹಾಕಿದರೆ ಬೇರು ಹಿಡಿಯದು. ಒಂದು ಬಕೆಟ್ಟಿಗೆ ಎರಡು ಬುಡ, ಬುಡಕ್ಕೆ ಎರಡು ಮೂರು ನೇಜಿ. ಬುಡಕ್ಕೆ ಆರೇಳು ತೆನೆ ಬಂದರೆ ಬಕೆಟ್ಟಿಗೆ ಹನ್ನೆರಡು ಹದಿಮೂರು. ನಲವತ್ತು ಮನೆಗೆ ಐವರಂತೆ 200 ತೆನೆ, ಪೀಠದ ಅಲಂಕಾರಕ್ಕೆ 50. ಇಪ್ಪತ್ತು ಬಕೆಟ್ ಸಾಕು, ಇಲಿ ಹಕ್ಕಿಗಳ ಪಾಲು ಸೇರಿಸಿ ಇಪ್ಪತ್ತೈದು ಇಡಿ.

ಕೆಡುವುದು ಹೀಗೆ. ತೆಂಗಿನ ನೆರಳಲ್ಲಿ ಇಟ್ಟರೆ ಪೈರು ಉದ್ದ ಬೆಳೆದು ಕವಲೊಡೆಯುವುದಿಲ್ಲ. ಎಲೆ ಕಪ್ಪು ಹಸಿರಾಗಲೆಂದು ಯೂರಿಯಾ ಸುರಿದರೆ ಗಾಳಿಗೆ ಅಡ್ಡ ಬೀಳುತ್ತದೆ. ಬದಲಿಗೆ ನೆಟ್ಟು ಇಪ್ಪತ್ತು ದಿನವಾದಾಗ ಒಮ್ಮೆ, ಗರ್ಭ ಕಟ್ಟುವಾಗ ಇನ್ನೊಮ್ಮೆ ಒಂದು ಮುಷ್ಟಿ ನೆನೆಸಿದ ಹಿಂಡಿ ಹಾಕಿ. ಕಾಳು ಹಾಲುಗಟ್ಟುವಾಗ ತೆನೆ ತಿಗಣೆ ಬಂದು ಹಾಲು ಹೀರಿದರೆ ಬರೀ ಜೊಳ್ಳು. ಬೆಳಗ್ಗೆ ಬೇಗ ಕೈಯಿಂದಲೇ ಹಿಡಿಯಬಹುದು, ಇಪ್ಪತ್ತೈದು ಬಕೆಟ್ಟಿಗೆ ವಿಷ ಸಿಂಪಡಿಸುವುದು ಬೇಡ, ಅದು ಮಕ್ಕಳ ಬಾಯಿಗೆ ಹೋಗುವ ಕಾಳು. ಹೂ ಬಂದಾಗ ಜಡಿಮಳೆ ಹಿಡಿದರೂ ಕಾಳು ಕಟ್ಟುವುದಿಲ್ಲ, ಅದಕ್ಕೇ ಕೆಲವು ಬಕೆಟ್‌ಗಳನ್ನು ವಾರ ಬಿಟ್ಟು ನೆಡಿ. ತೆನೆ ಬಾಗಿದ ಮೇಲೆ ಬಲೆ ಮುಚ್ಚಿ.

ಕೊಯ್ಯುವುದು 6ರ ಸಂಜೆ, ಇಬ್ಬನಿ ಮಳೆ ಇಲ್ಲದ ಹೊತ್ತು ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಂದೇ ರಾತ್ರಿಗೆ ಬಿಸಿಯಾಗಿ ವಾಸನೆ ಹಿಡಿಯುತ್ತದೆ, ಗೋಣಿಯ ಮೇಲೆ ಹರವಿ. ಮನೆಗೆ ಒಯ್ದ ತೆನೆಯಿಂದ ಕಾಳು ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುವುದು, ಬಾಳೆಲೆಯಲ್ಲಿ ಬೆಸ ಸಂಖ್ಯೆಯ ತರಕಾರಿ ಪದಾರ್ಥದ ಊಟ, ಇದು ನಿಮಗೆ ಹೇಳಿಕೊಡಬೇಕಾದದ್ದಲ್ಲ.

ಕ್ವೇಕರರ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ, ಹಬ್ಬವೂ ಇಲ್ಲವಂತೆ. ಹಬ್ಬ ಇಲ್ಲದೆ ಅವರ ವರ್ಷ ಹೇಗೆ ಸಾಗುತ್ತದೆ? ನಮ್ಮಂಥ ಹನ್ನೆರಡು ಮಂದಿಯ ಕೂಟಕ್ಕೆ ಅವರ ಕ್ರಮ ಹೊಂದುತ್ತದೆಯೇ? (ನೀರ್ಚಾಲು)

ಕ್ವೇಕರರು ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಗಡ, ಆದರೆ ಎಲ್ಲರೂ ಒಂದೇ ಬಗೆಯವರಲ್ಲ. ಅವರ ಸಂಖ್ಯೆ ಎಲ್ಲಕ್ಕಿಂತ ಹೆಚ್ಚಿರುವ ಕೆನ್ಯಾದಲ್ಲಿ ಪಾದ್ರಿಯೂ ಇದ್ದಾರೆ, ಹಾಡೂ ಇದೆ. ನಮ್ಮ ದೇಶದಲ್ಲಿ ಅವರ ಹಳೆಯ ನೆಲೆ ಮಧ್ಯಪ್ರದೇಶದ ಹೋಶಂಗಾಬಾದ್ (ಈಗ ನರ್ಮದಾಪುರಂ), ಇಟಾರ್ಸಿ ಮತ್ತು ಬುಂದೇಲಖಂಡದ ಛತರ್‌ಪುರದ ಕಡೆ. ದಕ್ಷಿಣಕ್ಕೆ ಗೊತ್ತಿರುವ ಹೆಸರುಗಳೆಂದರೆ ನೀಲಗಿರಿಯ ಕೋಟಗಿರಿಯಲ್ಲಿ ನೆಲೆಸಿ ಶಿಕ್ಷಕರನ್ನು ತಯಾರು ಮಾಡಿದ ಮಾರ್ಜರಿ ಸೈಕ್ಸ್ (1905–1995) ಮತ್ತು ತಿರುವನಂತಪುರದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007). ನೀವು ಓದಿದ್ದು ಇಂಗ್ಲೆಂಡಿನ ಮೂಲ ಪದ್ಧತಿ, ಮೌನದ ಸಭೆ.

17ನೇ ಶತಮಾನದಲ್ಲಿ ಈ ಪಂಗಡವನ್ನು ಹುಟ್ಟುಹಾಕಿದ ಜಾರ್ಜ್ ಫಾಕ್ಸ್ ಮತ್ತು ಅವರ ಜೊತೆಯವರು ಎಲ್ಲ ದಿನವೂ ದೇವರದೇ, ಒಂದನ್ನು ಮಾತ್ರ ಎತ್ತಿ ಹಿಡಿಯುವುದು ಯಾಕೆ ಎಂದರು. ಹಾಗಾಗಿ ಕ್ರಿಸ್ಮಸ್ ಈಸ್ಟರ್ ಆಚರಿಸಲಿಲ್ಲ, ಭಾನುವಾರವನ್ನು ಮೊದಲ ದಿನ ಎಂದೇ ಕರೆದರು. ಇವತ್ತಿನವರು ಮನೆಯಲ್ಲಿ ಕ್ರಿಸ್ಮಸ್ ಮಾಡುವುದು ಸಾಮಾನ್ಯ. ಆದರೂ ಅವರ ವರ್ಷಕ್ಕೆ ತನ್ನದೇ ಕಟ್ಟು ಇದೆ: ವಾರಕ್ಕೊಮ್ಮೆ ಮೌನ, ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ವ್ಯವಹಾರದ ಸಭೆ, ವರ್ಷಕ್ಕೊಮ್ಮೆ ಎಲ್ಲ ಊರಿನವರು ಸೇರುವ ಮಹಾಸಭೆ. ಆಗಸ್ಟ್ 6ರಂದು ಹಿರೋಶಿಮಾ ನೆನಪಿನಲ್ಲಿ ಬೀದಿ ಬದಿ ಮೌನವಾಗಿ ನಿಲ್ಲುವ ಕೂಟಗಳಿವೆ. ತಿಂಗಳಿಗೊಮ್ಮೆ ಒಬ್ಬೊಬ್ಬರು ಒಂದೊಂದು ಪದಾರ್ಥ ತಂದು ಒಟ್ಟಿಗೆ ಉಣ್ಣುವುದು ಹಲವು ಕಡೆ ರೂಢಿ. ಬ್ರಿಟನ್ನಿನವರಲ್ಲಿ ತಮ್ಮನ್ನು ತಾವೇ ಕೇಳಿಕೊಳ್ಳುವ ಬುದ್ಧಿಮಾತು, ಪ್ರಶ್ನೆಗಳ 42 ಕಂತುಗಳಿವೆ, ಅದರಲ್ಲಿ ಒಂದನ್ನು ಆಗಾಗ ಸಭೆಯಲ್ಲಿ ಓದುತ್ತಾರೆ.

ನಿಮ್ಮ ಹನ್ನೆರಡು ಮಂದಿಗೆ ಇದು ಚೆನ್ನಾಗಿ ಹೊಂದುತ್ತದೆ. ಕುರ್ಚಿಗಳನ್ನು ಸಾಲಾಗಿ ಇಡದೆ ವೃತ್ತವಾಗಿ ಇಡಿ, ನಡುವೆ ಸಣ್ಣ ಮೇಜು, ಅದರ ಮೇಲೆ ಬೈಬಲು. ಅವರದು ಒಂದು ತಾಸು. ಅಭ್ಯಾಸ ಇಲ್ಲದವರು ಇಪ್ಪತ್ತು ನಿಮಿಷದಿಂದ ಸುರು ಮಾಡಿ, ತಿಂಗಳಿಗೆ ಹತ್ತು ನಿಮಿಷ ಏರಿಸಿ. ಮೊದಲು ಬಂದವರು ಕೂತ ಕೂಡಲೇ ಸಭೆ ಸುರುವಾಗುತ್ತದೆ, ಗಂಟೆ ಹೊಡೆಯಬೇಕಿಲ್ಲ. ಹೇಳಲೇಬೇಕೆಂಬ ಒತ್ತಡ ಬಂದವರು ಎದ್ದು ನಿಂತು ನಾಲ್ಕು ಮಾತು ಹೇಳಿ ಕೂರುತ್ತಾರೆ, ಒಂದು ಸಭೆಗೆ ಒಬ್ಬರು ಒಮ್ಮೆ ಮಾತ್ರ. ಕೊನೆಗೆ ಮೊದಲೇ ಒಪ್ಪಿಕೊಂಡ ಇಬ್ಬರು ಕೈಕುಲುಕಿದರೆ ಸಭೆ ಮುಗಿಯಿತು. ಪ್ರಕಟಣೆ, ಚಹಾ ಆಮೇಲೆ. ಮಕ್ಕಳು ಮೊದಲ ಹತ್ತು ಹದಿನೈದು ನಿಮಿಷ ಕೂತು ಬೇರೆ ಕೋಣೆಗೆ ಹೋಗಲಿ, ಪೂರ್ತಿ ಕೂರಿಸಿದರೆ ಮುಂದಿನ ವಾರ ಬರುವುದಿಲ್ಲ.

ಹಾಳಾಗುವುದು ಮಾತಿನಿಂದ. ಒಬ್ಬರು ಕೂತ ಕೂಡಲೇ ಇನ್ನೊಬ್ಬರು ಎದ್ದರೆ ಅದು ಉತ್ತರವಾಗುತ್ತದೆ, ಮೂರನೆಯವರು ಎದ್ದರೆ ಚರ್ಚೆ. ನಡುವೆ ಐದು ನಿಮಿಷವಾದರೂ ಮೌನ ಇರಲಿ. ಪ್ರತಿ ವಾರ ಮಾತಾಡುವವರು ಇದ್ದರೆ ಹಿರಿಯರೊಬ್ಬರು ಹೊರಗೆ, ಒಬ್ಬರೇ ಇದ್ದಾಗ, ಮೆತ್ತಗೆ ಹೇಳಬೇಕು. ತಗಡಿನ ಚಪ್ಪರವಾದರೆ ಜೂನಿನಿಂದ ಆಗಸ್ಟಿನ ತನಕ ಮಳೆಯ ಸದ್ದಿಗೆ ಮಾತು ಕೇಳದು. ವೃತ್ತವನ್ನು ಕಿರಿದು ಮಾಡಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು. ಮಳೆಯ ಸದ್ದು ಮೌನಕ್ಕೆ ಅಡ್ಡಿಯಲ್ಲ, ಬೈಕಿನದ್ದು, ಫೋನಿನದ್ದು ಅಡ್ಡಿ.

ಸಮಿತಿಯಲ್ಲಿ ಒಂದು ತೀರ್ಮಾನ, ಮಿನಿಟ್ಸ್ ಪುಸ್ತಕದಲ್ಲಿ ಇನ್ನೊಂದು. ಪ್ರತಿ ವರ್ಷ ಜಗಳ. (ಪೆರ್ಲ)

ಮೇಲೆ ಹೇಳಿದ ಕ್ವೇಕರರಿಂದಲೇ ಇದಕ್ಕೂ ಮದ್ದು ತೆಗೆದುಕೊಳ್ಳಿ. ಅವರು ವೋಟು ಹಾಕುವುದಿಲ್ಲ. ಸಭೆ ನಡೆಸುವವರು ಮಾತು ಒಂದು ಹದಕ್ಕೆ ಬಂದಾಗ ಅಲ್ಲೇ ಬರೆದು, ಅಲ್ಲೇ ಓದಿ ಹೇಳುತ್ತಾರೆ: “ಮಾಡಿನ ದುರಸ್ತಿಗೆ 75 ಹಂಚು ಕೊಳ್ಳುವುದು, ಹಣ ಕಟ್ಟಡ ನಿಧಿಯಿಂದ, ಜವಾಬ್ದಾರಿ ಇಬ್ಬರು ಗುರಿಕಾರರದು, ಮೇ 15ರೊಳಗೆ ಮುಗಿಸುವುದು.” ಒಂದು ಶಬ್ದ ಸರಿಯಿಲ್ಲವೆಂದರೆ ಅಲ್ಲೇ ತಿದ್ದಿ ಮತ್ತೆ ಓದುವುದು. ಎಲ್ಲರೂ ಒಪ್ಪಿದ ಮೇಲೆ ಅದು ಬದಲಾಗದು. ಒಪ್ಪಿಗೆ ಬಾರದಿದ್ದರೆ “ಮುಂದಿನ ಸಭೆಗೆ” ಎಂದು ಬರೆಯುವುದು. ಮನೆಗೆ ಹೋಗಿ ನೆನಪಿನಿಂದ ಬರೆಯುವುದೇ ನಿಮ್ಮ ಜಗಳದ ಬೇರು. ಇನ್ನೆರಡು ಎಚ್ಚರ: ಸುಮ್ಮನಿದ್ದವರನ್ನು ಒಪ್ಪಿದವರ ಲೆಕ್ಕಕ್ಕೆ ಸೇರಿಸದೆ ಹೆಸರು ಹಿಡಿದು ಕೇಳಿ. ಬರೆಯುವವರಿಗೇ ಆ ವಿಷಯದಲ್ಲಿ ಪಾಲಿದ್ದರೆ ಅಷ್ಟು ಹೊತ್ತಿಗೆ ಪೆನ್ನು ಬೇರೆಯವರ ಕೈಗೆ ಹೋಗಲಿ. ಹುದ್ದೆಗೂ ಅವಧಿ ಇರಲಿ. ಬ್ರಿಟನ್ನಿನ ಕ್ವೇಕರರಲ್ಲಿ ಸಾಮಾನ್ಯವಾಗಿ ಮೂರು ವರ್ಷ.

ನವೆಂಬರ್ 2ರ ಸತ್ತವರ ಸ್ಮರಣೆಯ ದಿನಕ್ಕೆ ಸಿಮಿತೇರಿ (ಸಮಾಧಿ ಸ್ಥಳ) ಯಾವಾಗ ಸ್ವಚ್ಛ ಮಾಡಬೇಕು? (ಕುಂಬಳೆ)

ಅಕ್ಟೋಬರ್ ಕೊನೆಯ ವಾರ, ಬೆಳಗ್ಗೆ. ಮೊದಲೇ ಕೊಯ್ದರೆ ತುಲಾ ಮಳೆಗೆ ಹುಲ್ಲು ಮತ್ತೆ ಮೊಳಕಾಲೆತ್ತರ ಬೆಳೆಯುತ್ತದೆ. ಮುರಕಲ್ಲಿನ ಹಾವಸೆಯನ್ನು ತೆಂಗಿನ ನಾರಿನ ಬ್ರಶ್‌ನಿಂದ ಉಜ್ಜಿ, ತಂತಿ ಬ್ರಶ್, ಆಸಿಡ್ ಬೇಡ, ಕಲ್ಲು ಪುಡಿಯಾಗುತ್ತದೆ. ಇನ್ನು ನಿಮ್ಮ ಪತ್ರದಲ್ಲಿದ್ದ ದೊಡ್ಡ ಸಣ್ಣ ಸಮಾಧಿಗಳ ಮನಸ್ತಾಪಕ್ಕೆ ಒಂದು ಮಾದರಿ: ಕ್ವೇಕರರು ಬಹುಕಾಲ ಸಮಾಧಿ ಕಲ್ಲೇ ಬೇಡವೆಂದಿದ್ದರು. ಲಂಡನ್ನಿನ ಮಹಾಸಭೆ 1850ರಲ್ಲಿ ಅನುಮತಿ ಕೊಟ್ಟಾಗ ಎಲ್ಲರಿಗೂ ಒಂದೇ ಬಗೆಯ ಸರಳ ಕಲ್ಲು ಎಂಬ ಷರತ್ತು ಹಾಕಿತು. ಹೊಸ ಸಮಾಧಿಗಳಿಗಾದರೂ ಒಂದೇ ಅಳತೆ ನಿಗದಿ ಮಾಡಬಹುದು.

ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ (ನೊವೆನಾ) ಮಕ್ಕಳಿಗೆ ಹೂ ಸಾಲುವುದಿಲ್ಲ. ಮಳೆಯಲ್ಲಿ ಯಾವ ಹೂ ಬೆಳೆಸಬಹುದು? (ಬದಿಯಡ್ಕ)

ಆಗಸ್ಟ್ 30ರಿಂದ ಸೆಪ್ಟೆಂಬರ್ 7ರ ತನಕ ಹೂ ಬೇಕೆಂದರೆ ಬಿತ್ತುವುದು ಜೂನ್ ನಡುವೆ. ಜೀನಿಯಾ, ಚೆಂಡುಹೂ, ಗೌರಿಹೂ ಮೂರೂ ಐವತ್ತರಿಂದ ಅರುವತ್ತು ದಿನದಲ್ಲಿ ಬಿಡುತ್ತವೆ. ಬೀಜ ನೇರ ಮಣ್ಣಿಗೆ ಹಾಕಿದರೆ ಸಸಿ ಬುಡ ಕೊಳೆತು ಮಲಗುತ್ತದೆ. ಜಗಲಿಯ ಮಾಡಿನ ಅಡಿಯಲ್ಲಿ ತಟ್ಟೆಯಲ್ಲಿ, ಹೊಯಿಗೆ ಮತ್ತು ಗೊಬ್ಬರ ಸಮಪಾಲಿನಲ್ಲಿ ಬೆಳೆಸಿ, ನಾಲ್ಕೆಲೆ ಬಂದ ಮೇಲೆ ಅರ್ಧ ಅಡಿ ಎತ್ತರದ ಏರಿಯಲ್ಲಿ ನೆಡಿ. ಜುಲೈ ಕೊನೆಗೆ ತುದಿ ಚಿವುಟಿದರೆ ಕವಲು ಹೆಚ್ಚು. ಕೇಪುಳ, ದಾಸವಾಳ ಮನೆ ಬದಿಯಲ್ಲೇ ಇರುತ್ತವೆ, ಆದರೆ ದಾಸವಾಳ ಸಂಜೆಗೆ ಮುದುಡುವುದರಿಂದ ಸಂಜೆಯ ನೊವೆನಾಕ್ಕೆ ಬೇಡ. ವಾರ್ಡಿಗೊಂದು ದಿನ ಹಂಚಿಕೊಟ್ಟರೆ ಒಂದೇ ಮನೆಯ ಗಿಡ ಬೋಳಾಗುವುದೂ ತಪ್ಪುತ್ತದೆ.