ತುರ್ಕಮೆನಿಸ್ತಾನದ ನೌಕಾಪಡೆ: 2009ಆ, 2021ಆ?

ತುರ್ಕಮೆನಿಸ್ತಾನದ ನೌಕಾಪಡೆ ಸ್ಥಾಪನೆಯಾದದ್ದು ಒಂದು ಕಡೆ 2009, ಇನ್ನೊಂದು ಕಡೆ 2021 ಎಂದು ನಿಮ್ಮ ಟಿಪ್ಪಣಿಯಲ್ಲಿ ಎರಡು ಇಸವಿ ಬಂದಿರುವುದಕ್ಕೆ ಕಾರಣ, ಬಹುಶಃ ಘೋಷಣೆಯನ್ನೂ ಹಡಗನ್ನೂ ಒಂದೇ ‘ಸ್ಥಾಪನೆ’ಗೆ ಸೇರಿಸಿರುವುದು. ಮೊದಲು ಅವನ್ನು ಬೇರೆ ಮಾಡಿ. 2009ರಲ್ಲಿ ಅಧ್ಯಕ್ಷ ಬೆರ್ದಿಮುಹಮೆದೊವ್ ನೌಕಾನೆಲೆ ಕಟ್ಟುತ್ತೇವೆ ಎಂದರು. ಅಜರ್‌ಬೈಜಾನ್ ಜೊತೆ ಕ್ಯಾಸ್ಪಿಯನ್ ಸಮುದ್ರದ ತೈಲಕ್ಷೇತ್ರವೊಂದರ ಜಗಳ ಕಾವೇರಿದ್ದ ಹೊತ್ತು ಅದು. ಟಿಪ್ಪಣಿಯ ಮುಂದಿನ ವಾಕ್ಯದಲ್ಲಿ ರಷ್ಯಾದ ಎರಡು ಮೊಲ್ನಿಯಾ ಕ್ಷಿಪಣಿ ದೋಣಿ, ಟರ್ಕಿ ವಿನ್ಯಾಸದ ಗಸ್ತು ದೋಣಿಗಳನ್ನು ಹಾಕಿ. 2021ರ ಆಗಸ್ಟಿಗೆ ನೌಕಾಪಡೆ ಸೇರಿದ ‘ದೆನಿಜ್ ಹಾನ್’ ಕಾರ್ವೆಟ್ (ಸಣ್ಣ ಯುದ್ಧನೌಕೆ).

ಇದನ್ನು ‘ಟರ್ಕಿಯಿಂದ ತಂದದ್ದು’ ಅಂತ ಮಾತ್ರ ಬರೆಯಬೇಡಿ. ಟರ್ಕಿಯವರ ಜೊತೆ ಸೇರಿ ದೇಶದ ಬಂದರು ನಗರ ತುರ್ಕಮೆನ್‌ಬಾಶಿಯಲ್ಲೇ ಕಟ್ಟಿದ್ದು. ಸುತ್ತ ನೆಲವೇ ಇರುವ ಕ್ಯಾಸ್ಪಿಯನ್‌ಗೆ ಹೊರಗಿನ ಹಡಗು ಬರಬೇಕಾದರೆ ರಷ್ಯಾದ ನದಿ, ಕಾಲುವೆಗಳೇ ದಾರಿ. ಕಾಲುವೆಯಲ್ಲಿ ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸುವ ಲಾಕ್ ಗೇಟಿನ ಅಳತೆ ಮೀರಿದ್ದು ತೂರುವುದಿಲ್ಲ, ರಷ್ಯಾದ ಒಪ್ಪಿಗೆಯೂ ಬೇಕು. ಕೊನೆಗೆ ಆ ತೈಲಕ್ಷೇತ್ರದ ಎದುರು ‘ವಿವಾದಿತ’ ಅಂತಿದ್ದರೆ ತೆಗೆಯಿರಿ: 2021ರ ಜನವರಿಯಲ್ಲಿ ರಾಜಿಯಾಗಿ ‘ದೋಸ್ತ್‌ಲುಕ್’ ಎಂದು ಹೆಸರಿಟ್ಟರು.