ಮಧುಗಿರಿ ಕೋಟೆ ಹತ್ತುವುದು ಅಷ್ಟು ಕಷ್ಟವೇ? ಮೊದಲ ಸಲ ಹೋಗುವವರು ಏನು ಗಮನಿಸಬೇಕು?

ಹತ್ತೋದು ದಮ್ಮಿನ ಪ್ರಶ್ನೆ ಅಷ್ಟೇ. ಮಧುಗಿರಿಯಲ್ಲಿ ಜನ ಪೇಚಿಗೆ ಸಿಕ್ಕಿಕೊಳ್ಳೋದು ಇಳಿಯುವಾಗ. ಹಾಗಾಗಿ ಬೂಟಿನಿಂದ ಹಿಡಿದು ಹೊರಡುವ ಹೊತ್ತಿನ ತನಕ ಎಲ್ಲವನ್ನೂ ಇಳಿಯೋದನ್ನು ಮನಸ್ಸಲ್ಲಿಟ್ಟುಕೊಂಡೇ ಗೊತ್ತು ಮಾಡಿ.

ಬೆಂಗಳೂರಿನಿಂದ ದಾಬಸ್‌ಪೇಟೆ, ಕೊರಟಗೆರೆ ಮೇಲೆ ಸುಮಾರು 100 ಕಿ.ಮೀ. ಪಾವಗಡದ ಬಸ್ಸುಗಳು ಮಧುಗಿರಿ ಮೇಲೆಯೇ ಹೋಗುತ್ತವೆ. ಕೋಟೆ ಊರಿಗೆ ಅಂಟಿಕೊಂಡೇ ಇದೆ, ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಬೆಟ್ಟ ಇಡಿಯಾಗಿ ಒಂದೇ ಬಂಡೆ, ತುದಿ ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಹತ್ತಲು ಎರಡರಿಂದ ಎರಡೂವರೆ ಗಂಟೆ ಇಟ್ಟುಕೊಳ್ಳಿ, ಇಳಿಯಲೂ ಹೆಚ್ಚುಕಡಿಮೆ ಅಷ್ಟೇ.

ಕೆಳಗಿನ ಬಾಗಿಲುಗಳು, ಮೆಟ್ಟಿಲುಗಳ ತನಕ ಯಾರು ಬೇಕಾದರೂ ಹೋಗಬಹುದು. ಅಲ್ಲಿಂದ ಮೇಲೆ ಬೋಳು ಬಂಡೆ. ಕೆಲವು ಕಡೆ ಕಂಬಿ ಇದೆ, ಕೆಲವು ಕಡೆ ಬಂಡೆಯಲ್ಲಿ ಕಡಿದ ಕಚ್ಚುಗಳಷ್ಟೇ ಆಧಾರ, ಅವೂ ಪಾದದ ಮುಂಭಾಗ ಮಾತ್ರ ಊರುವಷ್ಟು. ಕೈಯಲ್ಲಿ ನೀರಿನ ಬಾಟಲಿ, ಮೊಬೈಲ್ ಹಿಡಿದು ಇಲ್ಲಿಗೆ ಬರಬೇಡಿ. ಎಲ್ಲಾ ಬ್ಯಾಗಿಗೆ ಹೋಗಲಿ. ಕೈಯಲ್ಲಿ ಕವರ್ ಕಂಡರೆ ಕೋತಿಗಳೂ ಬಿಡೋದಿಲ್ಲ.

ಒಣಗಿದ ಬಂಡೆ ಚೆನ್ನಾಗಿ ಹಿಡಿಯುತ್ತದೆ. ಮೋಸ ಮಾಡೋದು ಎರಡು. ಒಂದು, ಬಂಡೆ ಮೇಲಿನ ಸಣ್ಣ ಹರಳು ಮರಳು: ಕಾಲಿಟ್ಟ ಕೂಡಲೇ ಉರುಳುತ್ತದೆ. ಇನ್ನೊಂದು, ಮಳೆನೀರು ಹರಿದ ಕಪ್ಪು ಪಟ್ಟೆ. ನೋಡಲು ಒಣಗಿದಂತಿದ್ದರೂ ಅದು ಪಾಚಿ, ಸ್ವಲ್ಪ ತೇವ ಬಿದ್ದರೆ ಸಾಕು, ಜಾರುತ್ತದೆ. ಬಿಳಿಚಿದ ಒರಟು ಕಲ್ಲನ್ನೇ ಹುಡುಕಿ ಕಾಲಿಡಿ. ಮೆತ್ತನೆಯ ರಬ್ಬರ್ ಅಟ್ಟೆಯ ಶೂ ಬೇಕು. ಸವೆದ ಓಟದ ಶೂ, ಗಟ್ಟಿ ಪ್ಲಾಸ್ಟಿಕ್ ಅಟ್ಟೆ ಎರಡೂ ಬೇಡ.

ಇಳಿಯುವಾಗ ಹೆದರಿ ಹಿಂದಕ್ಕೆ ವಾಲೋದು ಸಹಜ, ಜಾರೋದೂ ಅದರಿಂದಲೇ. ಭಾರವೆಲ್ಲ ಹಿಮ್ಮಡಿಗೆ ಬಿದ್ದು, ಅಟ್ಟೆಯ ಉಳಿದ ಭಾಗ ಬಂಡೆಯಿಂದ ಎದ್ದುಬಿಡುತ್ತದೆ. ಮೊಣಕಾಲು ಸ್ವಲ್ಪ ಮಡಚಿ, ಪುಟ್ಟ ಹೆಜ್ಜೆ ಹಾಕಿ, ಇಡೀ ಪಾದ ಊರಿ. ಕಡಿದಾದ ಕಚ್ಚುಗಳಲ್ಲಿ ಬಂಡೆಗೆ ಮುಖ ಮಾಡಿ, ಏಣಿ ಇಳಿದಂತೆ ಹಿಮ್ಮುಖವಾಗಿ ಇಳಿಯಿರಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಆದಷ್ಟು ಬೇಗ ಹತ್ತಲು ಶುರು ಮಾಡಿ, ಹನ್ನೊಂದರ ಹೊತ್ತಿಗೆ ಇಳಿಯುತ್ತಿರಬೇಕು. ಆಮೇಲೆ ಬಿಸಿಲು ಮೇಲಿನಿಂದ, ಕಾದ ಬಂಡೆಯ ಝಳ ಕೆಳಗಿನಿಂದ. ದಾರಿಯಲ್ಲಿ ನೆರಳು ಅಪರೂಪ, ಕುಡಿಯುವ ನೀರು ಇಲ್ಲ. ತಲೆಗೆ ಮೂರು ಲೀಟರ್ ಒಯ್ಯಿರಿ. ಅರ್ಧ ನೀರು ಖಾಲಿಯಾಯಿತೆಂದರೆ ಎಲ್ಲಿದ್ದರೂ ವಾಪಸ್. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಸ್ಥಾನವಿದೆ, ಅದನ್ನು ಇನ್ನೊಂದು ಸಲ ನೋಡಬಹುದು.

ಹೆಸರಿನಲ್ಲೇ ಜೇನು ಇರುವ ಬೆಟ್ಟ, ಹೆಜ್ಜೇನಿನ ವಿಷಯದಲ್ಲಿ ಹುಷಾರು. ಸೆಂಟ್ ಹಾಕಿಕೊಳ್ಳಬೇಡಿ, ಹೊಗೆ ಎಬ್ಬಿಸಬೇಡಿ, ಗೂಡು ಕಂಡರೆ ಕಲ್ಲೆಸೆಯುವವರನ್ನು ಜೊತೆಗೇ ಕರೆದುಕೊಂಡು ಹೋಗಬೇಡಿ. ಹನಿ ಬಿದ್ದರೆ ಕಡಿದಾದ ಬಂಡೆಯನ್ನು ಹತ್ತಲು ಹೋಗಬೇಡಿ. ಈಗಾಗಲೇ ಅದರ ಮೇಲಿದ್ದರೆ, ಗುಡುಗು ಮಿಂಚು ಇಲ್ಲದಿದ್ದಲ್ಲಿ ಸಮತಟ್ಟಾದ ಜಾಗ ನೋಡಿ ಕೂತು, ಬಂಡೆ ಒಣಗಿದ ಮೇಲೆ ಇಳಿಯಿರಿ.