ರಾತ್ರಿ ಪಿಶಾಚಿಗೆ ಹಗಲಲ್ಲೇನು ಕೆಲಸ?

1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ ನೋಡಿ ಅಭಿಪ್ರಾಯ ಬರೆಯಿರಿ ಎಂದು ಕೇಳಿದ್ದೆವು. ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ ಇದು ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ (1897) ಕಾದಂಬರಿಯ ಮೊದಮೊದಲ ಚಿತ್ರರೂಪಗಳಲ್ಲಿ ಒಂದು. ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಜಾಸ್ತಿ. ಆದರೆ ಬಹುಪಾಲು ತಕರಾರು ಸಲ್ಲಬೇಕಾದ್ದು ಚಿತ್ರಕ್ಕಲ್ಲ, ನೋಡಿದ ಪ್ರತಿಗೆ.

ಪ್ರಶ್ನೆ: ಬಿಸಿಲು ತಾಗಿದರೆ ಸಾಯುವ ರಕ್ತಪಿಶಾಚಿ ಕೌಂಟ್ ಓರ್ಲೋಕ್ ಹಾಡಹಗಲಲ್ಲೇ ಶವಪೆಟ್ಟಿಗೆ ಹೊತ್ತು ಊರು ಸುತ್ತುತ್ತಾನೆ. ಇಷ್ಟು ದೊಡ್ಡ ಎಡವಟ್ಟು ನಿರ್ದೇಶಕರ ಕಣ್ಣಿಗೆ ಬೀಳಲಿಲ್ಲವೇ? (ಶಿವಮೊಗ್ಗ)

ಉತ್ತರ: ನೀವು ನೋಡಿದ್ದು ಬಣ್ಣ ಕಳೆದುಕೊಂಡ ಪ್ರತಿ. ಅಂದಿನ ಫಿಲ್ಮಿಗೆ ರಾತ್ರಿಯ ಹೊರಾಂಗಣವನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹಾಗಾಗಿ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ಚಿತ್ರಿಸಿ, ಪ್ರಿಂಟಿನ (ಪ್ರದರ್ಶನದ ಪ್ರತಿಯ) ಆ ಭಾಗಕ್ಕೆ ನೀಲಿ ಬಣ್ಣ ಕೊಡುತ್ತಿದ್ದರು. ನೀಲಿ ಕಂಡರೆ ರಾತ್ರಿ ಎಂಬುದು ಆಗಿನ ಪ್ರೇಕ್ಷಕರಿಗೆ ಹೇಳಿಕೊಡಬೇಕಾದ ವಿಷಯವೇ ಆಗಿರಲಿಲ್ಲ. ಬಣ್ಣ ಇರುತ್ತಿದ್ದುದು ಪ್ರಿಂಟಿನಲ್ಲಿ ಮಾತ್ರ, ನೆಗೆಟಿವ್‌ನಲ್ಲಿ ಅಲ್ಲ. ಮುಂದೆ ಅಂಥ ಪ್ರಿಂಟುಗಳನ್ನು ಕಪ್ಪು-ಬಿಳುಪು ಫಿಲ್ಮಿಗೆ ನಕಲು ಮಾಡಿದಾಗ ನೀಲಿ ಹೋಯಿತು, ರಾತ್ರಿಯೂ ಹೋಯಿತು. ಕೊನೆಯ ದೃಶ್ಯಕ್ಕೆ ಇದರಿಂದ ಆಗುವ ನಷ್ಟ ಇನ್ನೂ ದೊಡ್ಡದು. ನಾಯಕಿ ಎಲೆನ್‌ಳ ಹಾಸಿಗೆಯ ಪಕ್ಕ ಓರ್ಲೋಕ್ ಮೈಮರೆತಿದ್ದಾನೆ, ಕೋಳಿ ಕೂಗುತ್ತದೆ, ತಲೆ ಎತ್ತುತ್ತಾನೆ. ಇರುಳು ಸರಿದು ಬೆಳಗಾಗುವುದನ್ನು ಬಣ್ಣವೇ ಹೇಳಬೇಕು. ಬಣ್ಣವಿಲ್ಲದ ಪ್ರತಿಯಲ್ಲಿ ಆತ ಕಾರಣವಿಲ್ಲದೆ ಹೊಗೆಯಾದಂತೆ ಕಾಣುತ್ತದೆ.

ಪ್ರಶ್ನೆ: ಎಲ್ಲರೂ ಕೋಳಿ ಹೆಜ್ಜೆ ಇಟ್ಟು ಓಡುತ್ತಾರೆ. ಹೆದರಿಕೆ ಬದಲು ನಗು ಬಂತು. (ಧಾರವಾಡ)

ಉತ್ತರ: ಅದು ವೇಗದ ದೋಷ. ಈ ಚಿತ್ರವನ್ನು ಸೆಕೆಂಡಿಗೆ ಸುಮಾರು 18 ಫ್ರೇಮಿನಂತೆ, ಅಂದರೆ 18 ಬಿಡಿಚಿತ್ರಗಳಂತೆ, ಓಡಿಸಬೇಕು. ಆಗ ಪೂರ್ಣ ಚಿತ್ರ 94 ನಿಮಿಷ. ಅದನ್ನೇ ಟಾಕಿ ಚಿತ್ರಗಳ 24 ಫ್ರೇಮಿಗೆ ಏರಿಸಿದರೆ 70 ನಿಮಿಷಕ್ಕೆ ಮುಗಿದುಹೋಗುತ್ತದೆ. ನಿಮ್ಮ ಬಳಿ ಇರುವುದು ಅಂಥ ಪ್ರತಿಯೇ ಆದರೆ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಸ್ಪೀಡ್ 0.75 ಮಾಡಿ; 24ರ ಮುಕ್ಕಾಲು ಭಾಗ ಸರಿಯಾಗಿ 18. ಸಂಗೀತ ಎಳೆದಾಡುತ್ತದೆ, ಮ್ಯೂಟ್ ಮಾಡಿಬಿಡಿ. ಒಂದು ಎಚ್ಚರಿಕೆ: ಅವಧಿ ಕಡಿಮೆ ಇದ್ದ ಮಾತ್ರಕ್ಕೆ ವೇಗ ಹೆಚ್ಚೆಂದು ತಿಳಿಯಬೇಡಿ, ಕತ್ತರಿ ಬಿದ್ದ ಪ್ರತಿಗಳೂ ಇವೆ. ಬೀದಿಯಲ್ಲಿ ಜನ ನಡೆಯುವುದನ್ನು ನೋಡಿ ತೀರ್ಮಾನಿಸಿ. ಓರ್ಲೋಕ್‌ನ ಕುದುರೆಗಾಡಿ ಮಾತ್ರ ಸರಿಯಾದ ಪ್ರತಿಯಲ್ಲೂ ದಡಬಡ ಓಡುತ್ತದೆ. ಅದು ಮುರ್ನೌ ಬೇಕೆಂದೇ ಮಾಡಿದ್ದು. ಅಲ್ಲಿ ನಗು ಬಂದರೆ ತಪ್ಪು ನಿಮ್ಮದಲ್ಲ. ಆ ತಂತ್ರ ಇಂದು ಹಳತಾಗಿದೆ. ಅದರ ಬೆನ್ನಿಗೇ ಬರುವ, ನೆಗೆಟಿವ್‌ನಲ್ಲಿ (ಕಪ್ಪು-ಬಿಳುಪು ಅದಲುಬದಲಾಗಿ) ತೋರಿಸಿದ ಬಿಳಿ ಕಾಡು ಮಾತ್ರ ಈಗಲೂ ಮೈ ನಡುಗಿಸುತ್ತದೆ.

ಪ್ರಶ್ನೆ: ಕಾದಂಬರಿ ಓದಿದವರಿಗೆ ಇದು ಡ್ರಾಕುಲಾ ಎನಿಸುವುದೇ ಇಲ್ಲ. (ಮೈಸೂರು)

ಉತ್ತರ: ಅರ್ಧ ಒಪ್ಪುತ್ತೇವೆ. ಕಾದಂಬರಿಯ ಡ್ರಾಕುಲಾ ಹಗಲಲ್ಲಿ ಲಂಡನ್ ಬೀದಿಯಲ್ಲೇ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೆ. ಅವನು ಸಾಯುವುದೂ ಬಿಸಿಲಿಗಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಕಥಾನಾಯಕ ಹಾರ್ಕರ್‌ನ ಕುಕ್ರಿ ಮತ್ತು ಅವನ ಜೊತೆಗಾರ ಮೋರಿಸ್‌ನ ಚೂರಿಗೆ. ಬಿಸಿಲಿಗೆ ಕರಗಿ ಸಾಯುವ ರಕ್ತಪಿಶಾಚಿ ಬಂದದ್ದು ಈ ಚಿತ್ರದಿಂದ. ಇಲಿಗಳ ಜೊತೆ ಊರಿಗೆ ಬರುವ ಪ್ಲೇಗ್ ಕೂಡ ಚಿತ್ರದ ಸೇರ್ಪಡೆ. ಕಾದಂಬರಿಯಲ್ಲಿ ಅವನಿಗೆ ನೆರಳೇ ಇಲ್ಲ, ಇಲ್ಲಿ ಮೆಟ್ಟಿಲು ಹತ್ತುವುದೇ ನೆರಳು. ಈ ಉಲ್ಲಂಘನೆಯನ್ನು ಕ್ಷಮಿಸಲೇಬೇಕು.

ಪ್ರಶ್ನೆ: ಹೆಸರುಗಳನ್ನೇಕೆ ಬದಲಿಸಿದರು? ನನ್ನ ಪ್ರತಿಯಲ್ಲಿ ‘ಡ್ರಾಕುಲಾ’ ಎಂದೇ ಇದೆಯಲ್ಲ! (ಮಂಗಳೂರು)

ಉತ್ತರ: ನಿರ್ಮಾಪಕರಾದ ಪ್ರಾನಾ ಫಿಲ್ಮ್ ಹಕ್ಕು ಕೊಂಡಿರಲಿಲ್ಲ. ಡ್ರಾಕುಲಾ ಓರ್ಲೋಕ್ ಆದ, ಹಾರ್ಕರ್ ಹುಟ್ಟರ್ ಆದ, ಮೀನಾ ಎಲೆನ್ ಆದಳು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಸುಮ್ಮನಿರಲಿಲ್ಲ; 1925ರಲ್ಲಿ ಜರ್ಮನ್ ನ್ಯಾಯಾಲಯ ಪ್ರತಿಗಳನ್ನೆಲ್ಲ ನಾಶಪಡಿಸಲು ಆದೇಶಿಸಿತು. ಅಷ್ಟರಲ್ಲಿ ಕೆಲವು ಪ್ರಿಂಟುಗಳು ಹೊರದೇಶ ಸೇರಿದ್ದರಿಂದ ಚಿತ್ರ ಉಳಿಯಿತು. ನಿಮ್ಮದು ದೃಶ್ಯಗಳ ನಡುವೆ ಇಂಗ್ಲಿಷ್ ಬರಹ ಹಾಕಿ, ಹೆಸರುಗಳನ್ನು ಮತ್ತೆ ಕಾದಂಬರಿಯಲ್ಲಿದ್ದಂತೆ ಮಾಡಿದ ಪ್ರತಿ.

ಪ್ರಶ್ನೆ: ಹಾಗಾದರೆ ಯಾವುದನ್ನು ನೋಡಬೇಕು? (ಬೆಂಗಳೂರು)

ಉತ್ತರ: ಮುರ್ನೌ ಪ್ರತಿಷ್ಠಾನ 2005-06ರಲ್ಲಿ ಪುನರುಜ್ಜೀವನಗೊಳಿಸಿದ ಪ್ರತಿ. ಗುರುತು ಹಿಡಿಯುವುದು ಸುಲಭ: ಸುಮಾರು 94 ನಿಮಿಷ, ಬಣ್ಣದ ಛಾಯೆ, ಓರ್ಲೋಕ್ ಎಂಬ ಹೆಸರು, ಹಾನ್ಸ್ ಎರ್ಡ್‌ಮನ್ ಸಂಗೀತ. ಟಿವಿಯಲ್ಲಿ ನೋಡುವುದಾದರೆ ಮೋಷನ್ ಸ್ಮೂತಿಂಗ್ (ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಕೈಕಾಲಿನ ಅಂಚು ಕಲಸಿಹೋಗುತ್ತದೆ. ಬಣ್ಣವನ್ನು ಗಾಢವಾಗಿಸುವ ವಿವಿಡ್ ಮೋಡ್ ಸಹ ಬೇಡ. ನೀಲಿ ಛಾಯೆ ಮಸಿಯಾಗಿ ಹಡಗಿನ ದೃಶ್ಯದಲ್ಲಿ ಓರ್ಲೋಕ್‌ನ ಬೆರಳುಗಳೇ ಕಾಣುವುದಿಲ್ಲ. ಆ ದೃಶ್ಯಕ್ಕಾದರೂ ಕೋಣೆಯ ದೀಪ ಆರಿಸಿ.